ಡ್ರೋಹೆಡಾದ ಆಪಾ ಮತ್ತು ನನ್ನ ಸಾಕ್ಷಿ

ಆಪಾ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಮಣ್ಣು ಮಾಡಿ ನಾಲ್ಕು ದಿನವಾದ ಮೇಲೆ. ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಾಗ ಸಮೀನಾ ಫೋನ್ ಮಾಡಿದಳು. ಆಪಾ ಸಾಕಿ ಬೆಳೆಸಿದ, ತಮ್ಮನ ತಬ್ಬಲಿ ಮಗಳು ಅವಳು. ಅವಳ ದನಿ ಕೇಳಿ ಎಷ್ಟೋ ವರ್ಷವಾಗಿತ್ತು.

"ಫುಪ್ಪು ಹೋದ್ರು, ಅಂಕಲ್. ಯಾರ್‍ಯಾರಿಗೆ ಹೇಳ್ಬೇಕು ಅಂತ ಲಿಸ್ಟ್ ಬರ್ದಿದ್ರು. ಅದಕ್ಕೇ ಮಾಡ್ದೆ."

ಅತ್ತೆಯನ್ನು ಅವಳು ಫುಪ್ಪು ಎನ್ನುತ್ತಿದ್ದಳು. ಉಳಿದವರಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಆ ಪಟ್ಟಿಯಲ್ಲಿ ನನ್ನ ಹೆಸರು ಎಷ್ಟನೆಯದು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಆಪಾ ಬಗ್ಗೆ ಬರೆಯುವ ಮುಂಚೆ ಒಂದು ಮಾತು ಹೇಳಿಬಿಡಬೇಕು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಮೊದಲು ಕಲಿತದ್ದೇ ಅನುಮಾನ ಪಡುವುದನ್ನು: ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಹಾಗೆ ಹೇಳುವುದರಿಂದ ಅವರಿಗೇನು ಲಾಭ. ಆ ವಿದ್ಯೆಯನ್ನು ಆಮೇಲೆ ನನಗೆ ಬೇಕಾದಾಗ, ಬೇಕಾದಷ್ಟೇ ಬಳಸಿಕೊಂಡೆ. ಆಪಾ ಓಡಿಸುತ್ತಿದ್ದ ಪುಟ್ಟ ಕಾರು ಕೆಂಪು ಎಂದು ನನ್ನ ನೆನಪು. ನನ್ನ ಹೆಂಡತಿ ತಸ್ನೀಮ್ ಅದು ನೀಲಿ ಎನ್ನುತ್ತಾಳೆ. ಕಾರಿನ ವಿಷಯದಲ್ಲಿ ಅವಳ ಮಾತೇ ಇರಲಿ.

ಐರ್ಲೆಂಡಿನಲ್ಲಿ ದುಡ್ಡು ಉಕ್ಕುತ್ತಿದ್ದ ವರ್ಷಗಳು ಅವು. ಪತ್ರಿಕೆಗಳು ದೇಶವನ್ನೇ ಹುಲಿ ಎಂದು ಕರೆದು ಬೀಗುತ್ತಿದ್ದವು. ಡಬ್ಲಿನ್ ರಸ್ತೆಯ ಎರಡೂ ಬದಿಯ ಹಸಿರು ಗದ್ದೆಗಳಲ್ಲಿ ಒಂದೇ ಅಚ್ಚಿನ ಮನೆಗಳು ಸಾಲುಸಾಲಾಗಿ ಏಳುತ್ತಿದ್ದವು. ಕಟ್ಟುವವರೂ ಬೇಕು, ಹೆರುವವರಿಗೆ ಡಾಕ್ಟರೂ ಬೇಕು. ತಸ್ನೀಮ್ ಡ್ರೋಹೆಡಾ ಎಂಬ ಊರಿನ ಆಸ್ಪತ್ರೆಗೆ ಡಾಕ್ಟರಾಗಿ ಬಂದಳು. ಅವಳ ಹಿಂದೆ ನಾನು. ಗಂಡನಾಗಿ ಬಂದವನಿಗೆ ಕೆಲಸ ಮಾಡುವ ಹಕ್ಕಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಹಾಗೆಂದು ಮುದ್ರೆಯನ್ನೇ ಒತ್ತಿದ್ದರು. ಬೆಳಿಗ್ಗೆ ಹೆಂಡತಿಯನ್ನು ಬಸ್ಸಿಗೆ ಹತ್ತಿಸಿ, ಪಾತ್ರೆ ತೊಳೆದು, ಬಾಯ್ನ್ ನದಿಯ ದಡದಲ್ಲಿ ಅಲೆದು, ಗ್ರಂಥಾಲಯದಲ್ಲಿ ಕೂತು ಎಲ್ಲರ ಮೇಲೂ ಸಿಟ್ಟಾಗುವುದು ನನ್ನ ದಿನಚರಿಯಾಗಿತ್ತು.

ಆಪಾ ಅದೇ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ರಿಜಿಸ್ಟ್ರಾರ್, ಅಂದರೆ ಹಿರಿಯ ಡಾಕ್ಟರು. ದಾವಣಗೆರೆಯವರು. ನಲವತ್ತೈದರ ಆಸುಪಾಸು. ಅಂಗಿಯ ತೋಳನ್ನು ಯಾವಾಗಲೂ ಮೊಣಕೈವರೆಗೆ ಮಡಚಿರುತ್ತಿದ್ದರು, ಈಗ ಯಾರೋ ಹೆರಿಗೆಗೆ ಕರೆದುಬಿಡುತ್ತಾರೆ ಎಂಬಂತೆ. ಸೇಬನ್ನು ಅಂಗೈಯಲ್ಲೇ ಇಟ್ಟು ಚಾಕುವಿನಿಂದ ಸೀಳುತ್ತಿದ್ದರು, ತಟ್ಟೆ ಬಳಸಿದ್ದನ್ನು ನಾನು ಕಾಣೆ. ನನ್ನನ್ನು ಮೊದಲ ಸಲ ನೋಡಿದಾಗ ಒಂದು ಸೀಳು ಕೈಗಿಟ್ಟು ಕೇಳಿದರು:

"ಏನಪಾ ತಮ್ಮಾ, ಹೆಂಡ್ತಿ ದುಡಿಮ್ಯಾಗ ಅದೀನಿ ಅಂತ ಮಾರಿ ಸಣ್ಣ ಮಾಡ್ಕೊಂಡೀಯೇನು? ಪ್ರವಾದಿಯವರ ಹೆಂಡ್ತಿ ಬೀಬಿ ಖದೀಜಾ ಕಾರವಾನ್ ಕಳಿಸೋ ದೊಡ್ಡ ವ್ಯಾಪಾರಿ. ಮದುವಿ ಮಾತು ಕಳಿಸಿದ್ದೂ ಅವರೇ. ಅವರ ಮನಿಯೊಳಗ ಯಾರಿಗೂ ಅದು ಅವಮಾನ ಆಗ್ಲಿಲ್ಲ. ನಿನಗೇನು ದಾಡಿ?"

"ನಾನು ಸುಮ್ಮನೆ ಕೂತಿರೋನು, ಆಪಾ."

"ಹಂಗಾದ್ರ ಭಾನುವಾರ ಬಾ. ಚಹಾ ಮಾಡು."

ಭಾನುವಾರ ಮಧ್ಯಾಹ್ನ ಅವರ ಬಾಡಿಗೆ ಮನೆಯಲ್ಲಿ ಹೆಂಗಸರ ಪಾಠ ನಡೆಯುತ್ತಿತ್ತು. ಕರ್ನಾಟಕದ ಐದಾರು ಮನೆಗಳ ಹೆಂಗಸರು, ಡಾಕ್ಟರುಗಳು, ಡಾಕ್ಟರುಗಳ ಹೆಂಡಿರು. ಪಾಠದ ವಿಷಯ ಒಂದೇ: ಪ್ರವಾದಿಯವರ ಕಾಲದ ಹೆಂಗಸರು ಹೇಗೆ ಬದುಕಿದರು, ಹೇಗೆ ಮದುವೆಯಾದರು, ಹೇಗೆ ಬಿಟ್ಟರು. ಅಡುಗೆಮನೆಗೂ ಹಾಲಿಗೂ ನಡುವೆ ಪಾತ್ರೆ ದಾಟಿಸಲು ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಆಚೆ ಆಪಾ ಪಾಠ ಹೇಳುತ್ತಿದ್ದರು. ಈಚೆ ನಾನು ಚಹಾ ಕುದಿಸುತ್ತಾ ಕೇಳುತ್ತಿದ್ದೆ. ಹೆಸರಿಗಷ್ಟೇ ಮುಸಲ್ಮಾನನಾಗಿದ್ದ ನನ್ನ ಧಾರ್ಮಿಕ ಶಿಕ್ಷಣವೆಲ್ಲ ಆ ಕಿಂಡಿಯಿಂದಲೇ ಆಯಿತು.

ಅವರಿಗೆ ಬಹಳ ಇಷ್ಟವಾದ ಕತೆ ಬರೀರಾಳದು. ಗುಲಾಮಳಾಗಿದ್ದವಳು ಬಿಡುಗಡೆಯಾದಾಗ ಹಳೆಯ ಗಂಡನ ಜೊತೆ ಇರುವುದೋ ಬಿಡುವುದೋ ಅವಳ ಇಷ್ಟಕ್ಕೆ ಬಂತು. ಅವಳು ಬಿಟ್ಟಳು. ಗಂಡ ಗಡ್ಡ ತೋಯುವಷ್ಟು ಅಳುತ್ತಾ ಮದೀನಾದ ಬೀದಿಗಳಲ್ಲಿ ಅವಳ ಹಿಂದೆ ತಿರುಗಿದ. ಪ್ರವಾದಿಯವರಿಗೇ ಕನಿಕರವಾಗಿ, ಮತ್ತೆ ಅವನ ಬಳಿ ಹೋಗಬಾರದೇ ಎಂದು ಕೇಳಿದರು. ಇದು ಅಪ್ಪಣೆಯೋ ಎಂದಳು ಅವಳು. ಅಲ್ಲ, ಅವನ ಪರವಾಗಿ ಕೇಳುತ್ತಿದ್ದೇನಷ್ಟೇ ಎಂದರು. ಹಾಗಾದರೆ ನನಗವನು ಬೇಡ ಎಂದಳು.

"ನೋಡ್ರೇ," ಎಂದು ಆಪಾ ಇಲ್ಲಿ ತೋಳನ್ನು ಇನ್ನಷ್ಟು ಮೇಲಕ್ಕೆ ಸರಿಸುತ್ತಿದ್ದರು. "ಎದುರಿಗೆ ಯಾರು ಕುಂತಾರ! ಅವರಿಗೇ ಬ್ಯಾಡ ಅಂದ್ಲು. ಆಕಿನ್ನ ಯಾರೂ ಬೈಲಿಲ್ಲ. ನಮ್ಮ ಊರಾಗ ಮಾವನ ಮುಂದ ಉಪ್ಪು ಕಡಿಮಿ ಆಗೇತಿ ಅನ್ನಾಕ ಆಗಂಗಿಲ್ಲ ನಮಗ!"

ಹೆಂಗಸರು ನಗುತ್ತಿದ್ದರು. ಸಮೀನಾ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಹನ್ನೆರಡನೇ ವಯಸ್ಸಿಗೆ ಇಲ್ಲಿಗೆ ಬಂದವಳು. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹೆಚ್ಚಾಗಿ ಅಪ್ಪಟ ಡ್ರೋಹೆಡಾ ಇಂಗ್ಲಿಷಿನಲ್ಲಿ. "ಫೇರ್ ಪ್ಲೇ ಟು ಹರ್," ಎನ್ನುತ್ತಿದ್ದಳು ಬರೀರಾಳ ಬಗ್ಗೆ, ಶಾಲೆಯ ಗೆಳತಿಯೊಬ್ಬಳಿಗೆ ಶಹಬ್ಬಾಸ್ ಹೇಳುವಂತೆ.

ಇನ್ನೊಂದು ದಿನ ಮದುಮಗಳ ಒಪ್ಪಿಗೆಯ ವಿಷಯ ಬಂತು. ಕನ್ಯೆ ನಾಚಿ ಸುಮ್ಮನಿದ್ದರೆ ಒಪ್ಪಿಗೆ ಎಂದು ಹಿಂದಿನವರು ತಿಳಿದರು, ಸರಿ. ಅತ್ತರೆ? ಅದಕ್ಕೂ ಕೆಲವು ಪಂಡಿತರು ಲೆಕ್ಕ ಹಾಕಿದ್ದರಂತೆ: ಕಣ್ಣೀರು ತಣ್ಣಗಿದ್ದರೆ ಸಂತೋಷದ್ದು, ಒಪ್ಪಿಗೆ, ಬಿಸಿಯಾಗಿದ್ದರೆ ದುಃಖದ್ದು, ಒಪ್ಪಿಗೆ ಇಲ್ಲ.

ಆಪಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾರು ಮುಟ್ಟಿ ನೋಡ್ಯಾರ? ಥರ್ಮಾಮೀಟರ್ ಹಿಡ್ಕೊಂಡು ಕುಂತಿದ್ರೇನು? ಹುಡುಗಿ ಅಳಾಕತ್ತಾಳ ಅಂದ್ರ ಎದ್ದು ಹೊರಗ ಬರ್ರಿ. ಅಷ್ಟಕ್ಕ ಡಿಗ್ರಿ ಬೇಕಾಗಂಗಿಲ್ಲ."

ನಾನು ಕಿಂಡಿಯಿಂದ ತಲೆ ಹಾಕಿದೆ. "ಆಪಾ, ಇದನ್ನೆಲ್ಲ ಬರೆದಿಟ್ಟಿದ್ದು ತಲೆಮಾರುಗಳಾದ ಮೇಲೆ. ಅವನಿಂದ ಇವನು ಕೇಳಿದ, ಇವನಿಂದ ಮತ್ತೊಬ್ಬ ಕೇಳಿದ. ಹೇಗೆ ನಂಬೋದು?"

"ಚಹಾ ಉಕ್ಕೀತು, ನೋಡ್ಕೋ," ಎಂದರು ಮೊದಲು. ಆಮೇಲೆ ಕಪ್ಪು ತೆಗೆದುಕೊಳ್ಳಲು ಕಿಂಡಿಯ ಬಳಿ ಬಂದಾಗ ನಗದೆ ಹೇಳಿದರು: "ನೀ ಸರಪಳಿ ಎಲ್ಲಿ ತುಂಡಾಗೇತಿ ಅಂತ ಹುಡುಕ್ತೀ. ಹುಡುಕು. ಆದ್ರ ಅದು ಶುರು ಆಗೋದು ಎಲ್ಲಿಂದ ಹೇಳು? ಕಣ್ಣಾರೆ ನೋಡಿದವ ಬಾಯಿ ಬಿಟ್ಟ ಮ್ಯಾಲೆ. ಅವ ಬಾಯಿ ಬಿಡ್ಲಿಲ್ಲ ಅಂದ್ರ ನಿನ್ನಂಥವರಿಗೆ ಅನುಮಾನ ಪಡಾಕೂ ಏನೂ ಸಿಗಂಗಿಲ್ಲ."

ಆಪಾ ತಮ್ಮ ಗಂಡನನ್ನು ತಾವೇ ಬಿಟ್ಟವರು. ರಿಯಾದಿನಲ್ಲಿದ್ದ ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಅವನ ಜೊತೆ ಬದುಕಲು ಇವರಿಗೆ ಆಗಲಿಲ್ಲ, ಅಷ್ಟೇ. ಮದುವೆಯಲ್ಲಿ ಗಂಡ ಮೆಹರಾಗಿ ಕೊಟ್ಟ ತೋಟವನ್ನು ವಾಪಸು ಕೊಟ್ಟು ಅವನಿಂದ ಬಿಡುಗಡೆ ಪಡೆದ ಆ ಕಾಲದ ಹೆಂಗಸೊಬ್ಬಳ ಕತೆ ಹೇಳುವಾಗ ಅವರ ದನಿ ಬೇರೆಯಾಗುತ್ತಿತ್ತು. ಇವರೂ ಹಾಗೆಯೇ ಮೆಹರಿನ ಒಡವೆಯನ್ನು ಹಿಂದಿರುಗಿಸಿ ಖುಲಾ ಪಡೆದಿದ್ದರು. ಆಗ ದಾವಣಗೆರೆಯಲ್ಲಿ ನೆಂಟರೆಲ್ಲ ಬಾಗಿಲು ಹಾಕಿಕೊಂಡರು, ಹೆತ್ತ ತಾಯಿಯೂ ಸೇರಿ. ಜೊತೆಗೆ ನಿಂತವರು ಒಬ್ಬರೇ, ದೊಡ್ಡಣ್ಣ. ಭಾಯಿಜಾನ್. ಕಾಜಿಯ ಮನೆಗೆ ಕರೆದೊಯ್ದವರು, ಗಂಡನನ್ನು ಒಪ್ಪಿಸಿದವರು, ಬೀದಿಯಲ್ಲಿ ಅಂದವರಿಗೆ ಎದುರುತ್ತರ ಕೊಟ್ಟವರು. "ಭಾಯಿಜಾನ್ ಇಲ್ಲದಿದ್ರ ನಾ ಇವತ್ತಿಗೂ ಅಲ್ಲೇ ಇರ್ತಿದ್ದೆ," ಎಂದು ಎಷ್ಟು ಸಲ ಹೇಳಿದ್ದರೋ.

ಆ ಭಾಯಿಜಾನ್ ತಮ್ಮ ಮಗನಿಗೆ ಸಮೀನಾಳನ್ನು ಕೇಳಿದರು.

ಸಮೀನಾಗೆ ಆಗ ಹತ್ತೊಂಬತ್ತು. ಡಬ್ಲಿನ್ನಿನ ಕಾಲೇಜಿನಲ್ಲಿ ಮೊದಲ ವರ್ಷ. ಒಂದು ಭಾನುವಾರ ಪಾಠ ಮುಗಿದು ಎಲ್ಲ ಹೋದ ಮೇಲೆ ನಾನು ಕಪ್ಪು ತೊಳೆಯುತ್ತಿದ್ದೆ. ಕಿಂಡಿಯ ಆಚೆ ಮಾತು ಕೇಳಿಸಿತು.

"ನಂಗೆ ಬೇಡ, ಫುಪ್ಪು. ಅವನು ಕೆಟ್ಟೋನು ಅಂತ ಅಲ್ಲ. ಐ ಜಸ್ಟ್ ಡೋಂಟ್ ವಾಂಟ್ ಟು."

ಆಪಾ ಅಂದರು, "ಬೇರೆ ಯಾರು ಕೇಳಿದ್ರೂ ಬಾಗಿಲಾಗ ನಿಂದ್ರಿಸಿ ಕಳಿಸ್ತಿದ್ದೆ. ಭಾಯಿಜಾನ್ ಕೇಳ್ಯಾನ. ನನ್ನ ಕೈಲೆ ಆಗಂಗಿಲ್ಲ, ಬೇಟಾ."

ಇದನ್ನು ನಿಜಕ್ಕೂ ಕೇಳಿಸಿಕೊಂಡೆನೋ, ಆಮೇಲೆ ನಡೆದದ್ದರಿಂದ ನನ್ನ ತಲೆ ಕಟ್ಟಿಕೊಂಡಿತೋ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿದ್ದೂ ಕೇಳಿಕೊಳ್ಳುವ ಪ್ರಶ್ನೆ ಅದು. ಅಂದು ಮನೆಗೆ ಹೋಗಿ ತಸ್ನೀಮ್‌ಗೆ ಹೇಳಿದ್ದೆ: "ನಿಮ್ಮ ಆಪಾ ಪಾಠ ಬರೀ ಊರವರ ಹೆಣ್ಣುಮಕ್ಕಳಿಗೆ." ಹೇಳಿ ನಕ್ಕಿದ್ದೆ. ಅವಳು ನಗಲಿಲ್ಲ. "ನೀವಾದ್ರೂ ಹೋಗಿ ಒಂದು ಮಾತು ಹೇಳಿ," ಎಂದಳು. ನನಗೇಕೆ ಊರ ಉಸಾಬರಿ ಎಂದೆ.

ನಿಕಾಹ್ ಫೋನಿನಲ್ಲಿ ನಡೆಯಿತು. ಆಗ ಅದು ಹೊಸತೇನಲ್ಲ. ಗಂಡಿಗೆ ವೀಸಾ ಸಿಗುವುದು ಸುಲಭವಾಗುತ್ತದೆಂದು ಅನೇಕರು ಹಾಗೆ ಮಾಡುತ್ತಿದ್ದರು. ದಾವಣಗೆರೆಯಲ್ಲಿ ಮದುಮಗ, ಮೌಲ್ವಿ, ಭಾಯಿಜಾನ್, ನೂರು ಜನ ನೆಂಟರು, ಬಿರಿಯಾನಿ. ಇಲ್ಲಿ ಆಪಾರ ಹಾಲಿನಲ್ಲಿ ಸ್ಪೀಕರಿಗೆ ಹಾಕಿಟ್ಟ ಒಂದು ಫೋನು. ಮದುಮಗಳ ಒಪ್ಪಿಗೆ ಕೇಳಲು ಒಬ್ಬ ವಕೀಲ, ಇಬ್ಬರು ಸಾಕ್ಷಿಗಳು ಅವಳ ಕೋಣೆಗೆ ಹೋಗಬೇಕು. ಅವಳು ಹೂಂ ಅಂದದ್ದನ್ನು ಕೇಳಿ, ನೋಡಿ, ಬಂದು ಹೇಳಬೇಕು. ಇಲ್ಲಿ ವಕೀಲ ಎಂದರೆ ಕೋರ್ಟಿನವನಲ್ಲ, ಮದುಮಗಳ ಮಾತನ್ನು ಒಯ್ಯುವವನು. ಹೈದರಾಬಾದಿನ ಅರಿವಳಿಕೆ ಡಾಕ್ಟರೊಬ್ಬರು ವಕೀಲರಾದರು. ಭಟ್ಕಳದ ಎಂಜಿನಿಯರ್ ಒಬ್ಬ ಮತ್ತು ನಾನು ಸಾಕ್ಷಿಗಳು.

"ನಾನು ನಂಬದೇ ಇರೋನು, ಆಪಾ," ಎಂದಿದ್ದೆ.

"ಕಣ್ಣು ಕಿವಿ ಸರಿ ಅದಾವಲ್ಲ? ಸಾಕು," ಎಂದಿದ್ದರು.

ಮೂಲೆ ಅಂಗಡಿಯಿಂದ ತಂದ ಕಾಲಿಂಗ್ ಕಾರ್ಡ್ ಕೆರೆದು ನಂಬರ್ ಒತ್ತಿದ್ದರು. ದಾವಣಗೆರೆಯಲ್ಲಿ ಎಲ್ಲರೂ ಎಲ್ಲರಿಗೂ ಸಲಾಂ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಕಾರ್ಡು ಖಾಲಿ. ನಾವು ಮೂವರು ಮೆಟ್ಟಿಲು ಹತ್ತುತ್ತಿದ್ದಾಗ ಕೆಳಗೆ ಸ್ಪೀಕರಿನಲ್ಲಿ ಯಂತ್ರದ ಹೆಣ್ಣುದನಿ ಇನ್ನು ಆರು ನಿಮಿಷ ಉಳಿದಿದೆ ಎಂದಿತು. ಭಾಯಿಜಾನ್ ಆಚೆಯಿಂದ ಕೂಗಿದರು, "ಜಲ್ದಿ ಕೇಳ್ರಪಾ! ಕಟ್ ಆದ್ರ ಮತ್ತ ಲೈನ್ ಸಿಗಂಗಿಲ್ಲ!"

ಚಿಕ್ಕ ಕೋಣೆ. ಎಂಜಿನಿಯರ್‌ಗೆ ಒಳಗೆ ಜಾಗವೇ ಇರಲಿಲ್ಲ, ಬಾಗಿಲ ಹೊರಗೆ ನಿಂತ. ಸಮೀನಾ ಹಾಸಿಗೆಯ ಅಂಚಿನಲ್ಲಿ ತಲೆ ನೆಟ್ಟಗೆ ಇಟ್ಟುಕೊಂಡು ಕೂತಿದ್ದಳು, ದುಪಟ್ಟಾ ಮುಖದವರೆಗೆ ಇಳಿದಿತ್ತು. ಪಕ್ಕದಲ್ಲಿ ಆಪಾ. ನಾವು ಸಹಿ ಮಾಡಬೇಕಾದ ಕಾಗದ ಸಮೀನಾಳ ತೊಡೆಯ ಮೇಲಿತ್ತು. ವಕೀಲರು ಅದರಲ್ಲಿದ್ದ ಹೆಸರು, ಮೆಹರು ಓದಿ, ಕಬೂಲೇ ಎಂದು ಕೇಳಿದರು. ಮಾತಿಲ್ಲ. ಎರಡನೇ ಸಲ. ಮಾತಿಲ್ಲ. ಕೆಳಗೆ ಯಂತ್ರ ಮೂರು ನಿಮಿಷ ಎಂದಿತು. ಮೂರನೇ ಸಲ ಕೇಳಿದಾಗ ಆಪಾರ ಬಲಗೈ ಸಮೀನಾಳ ಕತ್ತಿನ ಹಿಂದಕ್ಕೆ ಹೋಯಿತು. ಮೊಣಕೈವರೆಗೆ ತೋಳು ಮಡಚಿದ ಕೈ. ತಲೆ ಬಾಗಿತು.

"ಹೂಂ ಅಂದ್ಲು," ಎಂದರು ಆಪಾ.

ಕಾಗದದಿಂದ ಕಣ್ಣೆತ್ತಿದ ವಕೀಲರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವಳ ತೊಡೆಯ ಮೇಲಿನ ಕಾಗದ ತೆಗೆದುಕೊಂಡು ಸಹಿ ಹಾಕಿದೆ. ಕೆಳಗಿಳಿದು ವಕೀಲರು ಫೋನಿಗೆ ಹೇಳಿದರು. ಆಚೆ ಮುಬಾರಕ್ ಮುಬಾರಕ್ ಎಂದು ಕೂಗಾಟ ಎದ್ದಿತು, ನಡುವೆಯೇ ಲೈನ್ ಕಟ್ಟಾಯಿತು. ಅಂದು ನನ್ನ ಚಹಾಕ್ಕೆ ಸಕ್ಕರೆ ಸಾಲದು ಎಂದು ಯಾರೋ ಅಂದರು.

ಸಮೀನಾ ಬೇಸಗೆಯಲ್ಲಿ ದಾವಣಗೆರೆಗೆ ಹೋದಳು. ಮೂರು ತಿಂಗಳಾದ ಮೇಲೆ ಪರೀಕ್ಷೆಯ ನೆಪ ಹೇಳಿ ವಾಪಸು ಬಂದವಳು ಮತ್ತೆ ಹೋಗಲಿಲ್ಲ. ಆಪಾರ ಮನೆಗೂ ಬರಲಿಲ್ಲ. ಡಬ್ಲಿನ್ನಿನಲ್ಲಿ ಗೆಳತಿಯ ಜೊತೆ ಉಳಿದಳು. ಗಂಡನ ಮನೆಯವರು ಬಿಡುಗಡೆ ಕೊಡುವುದಿಲ್ಲ ಎಂದರು. ವರ್ಷವಾಯಿತು, ಅದರ ಮೇಲೂ ಕೆಲವು ತಿಂಗಳಾಯಿತು. ಕೊನೆಗೆ ಅವಳು ಡಬ್ಲಿನ್ನಿನ ಒಬ್ಬ ಇಮಾಮರ ಬಳಿ ಹೋದಳು. ವಯಸ್ಸಾದ, ತಾಳ್ಮೆಯ ಮನುಷ್ಯ. ಹುಡುಗಿ ಒಪ್ಪಿರಲೇ ಇಲ್ಲ ಎಂದಾದರೆ ಅದು ಮದುವೆಯೇ ಅಲ್ಲ, ಯಾರ ಬಳಿಯೂ ಬಿಡುಗಡೆ ಬೇಡಬೇಕಿಲ್ಲ. ಆದರೆ ನೋಡಿದವರು ಹೇಳಬೇಕು ಎಂದರು.

ಆಗ ಅವಳು ನನಗೆ ಫೋನ್ ಮಾಡಿದಳು. "ಅಂಕಲ್, ನೀವಲ್ಲೇ ಇದ್ರಿ. ನನ್ ಪರವಾಗಿ ಏನೂ ಹೇಳ್ಬೇಡಿ. ನೋಡಿದ್ದು ಹೇಳಿ, ಅಷ್ಟೇ."

ಬರುತ್ತೇನೆ ಎಂದೆ.

ಮಸೀದಿಯ ಮೇಲಿನ ಕೋಣೆಗೆ ನಾನು ಹೋದಾಗ ಆಪಾ ಆಗಲೇ ಅಲ್ಲಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ಸಮೀನಾ ಗೋಡೆ ನೋಡುತ್ತಾ ಕೂತಿದ್ದಳು. ಆಪಾ ನಿಂತುಕೊಂಡೇ ಹೇಳಿದರು. ಉರ್ದುವಿನಲ್ಲಿ, ಆಸ್ಪತ್ರೆಯಲ್ಲಿ ರೋಗಿಯ ವಿವರ ಒಪ್ಪಿಸುವ ಹಾಗೆ: ಹುಡುಗಿ ಮುಂಚೆಯೇ ಬೇಡ ಅಂದಿದ್ದಳು. ಕೋಣೆಯಲ್ಲಿ ಬಾಯಿ ಬಿಡಲಿಲ್ಲ. ನಾನು ಕತ್ತಿನ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದೆ. ಹೂಂ ಅಂದದ್ದು ಅವಳಲ್ಲ, ನಾನು.

ಅಣ್ಣನನ್ನು ಕಳೆದುಕೊಳ್ಳಲು ಅಷ್ಟು ಸಾಕಾಗಿತ್ತು. ಅದು ಅವರಿಗೆ ಗೊತ್ತಿತ್ತು.

ಇಮಾಮರು ಕೇಳಿಸಿಕೊಂಡು, ತಪ್ಪು ಮಾಡಿದವರೇ ಹೇಳುತ್ತಿದ್ದಾರೆ, ಅತ್ತೆಯ ಕರುಳೂ ಇರಬಹುದು, ಬೇರೊಬ್ಬರ ಮಾತು ಬೇಕು ಎಂದರು. ಆಸ್ಟ್ರೇಲಿಯಾಕ್ಕೆ ಹೋಗಿದ್ದ ವಕೀಲ ಡಾಕ್ಟರು ತಾವು ಕಾಗದ ನೋಡುತ್ತಿದ್ದುದಾಗಿ ಫೋನಿನಲ್ಲಿ ತಿಳಿಸಿದ್ದರು. ಎಂಜಿನಿಯರ್ ಬಾಗಿಲ ಹೊರಗಿದ್ದ. ಉಳಿದವನು ನಾನು.

ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಒಂದೇ ಯೋಚನೆ ಮಾಡಿದ್ದೆ. ಅವಳು ಒಪ್ಪಲಿಲ್ಲ ಎಂದರೆ, ಒಪ್ಪಿದಳು ಎಂದು ನಾನು ಹಾಕಿದ ಸಹಿ ಏನಾಗುತ್ತದೆ? ದಾವಣಗೆರೆಯಲ್ಲಿ ತಸ್ನೀಮಳ ತವರಿನವರು ಏನೆನ್ನುತ್ತಾರೆ? ಸುಳ್ಳುಸಾಕ್ಷಿ ಎಂಬ ಹೆಸರು ನನಗೆ ಬರುತ್ತದೆ. ನಂಬದವನಿಗೆ ಆ ಹೆಸರಿನ ಭಯ ಏಕೆ ಬಂತೋ.

"ಖಚಿತವಾಗಿ ಹೇಳಲಾರೆ," ಎಂದೆ. "ತಲೆ ಬಾಗಿದ್ದು ನೋಡಿದೆ. ಯಾಕೆ ಬಾಗಿತು ಅಂತ... ತುಂಬ ದಿನವಾಯಿತು. ಮನುಷ್ಯನ ನೆನಪು ಅನ್ನೋದು, ನಿಮಗೆ ಗೊತ್ತಲ್ಲ, ಆಮೇಲೆ ಕೇಳಿದ್ದನ್ನೂ ನೋಡಿದ್ದೆ ಅಂದ್ಕೊಳ್ಳುತ್ತೆ..."

ಇನ್ನೂ ಏನೇನೋ ಹೇಳುತ್ತಿದ್ದೆ. ಇಮಾಮರು ಸಾಕು ಎಂದು ಮೆಲ್ಲಗೆ ಕೈಯೆತ್ತಿದರು. ಸಮೀನಾ ಗೋಡೆಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದಳು. ನಾನು ಇಮಾಮರ ಮೇಜಿನ ಮೇಲಿದ್ದ ಗಡಿಯಾರ ನೋಡಿದೆ.

ಹೊರಗೆ ಮೆಟ್ಟಿಲ ಬಳಿ ಆಪಾ ಸಿಕ್ಕರು. ಅವರ ತೋಳು ಅಂದು ಮಣಿಕಟ್ಟಿನವರೆಗೂ ಇಳಿದಿತ್ತು.

"ನಿನ್ನ ಎಂ.ಎ. ಇವತ್ತು ಕೆಲಸಕ್ಕ ಬಂತು, ತಮ್ಮಾ," ಎಂದರು.

ಸಮೀನಾಗೆ ಬಿಡುಗಡೆ ಸಿಗಲು ಮತ್ತೆ ಮೂರು ವರ್ಷ ಹಿಡಿಯಿತು. ಬೇಡಿ, ಕಾಡಿ, ದಾವಣಗೆರೆಯವರಿಗೇ ಸಾಕಾಗಿ ಕೊಟ್ಟರು. ಅಷ್ಟರಲ್ಲಿ ಭಾಯಿಜಾನ್ ತನಗೆ ತಂಗಿಯೇ ಇಲ್ಲ ಎಂದಿದ್ದರು. ಭಾನುವಾರದ ಪಾಠಕ್ಕೆ ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಸ್ವಂತ ಮನೆಯ ಹುಡುಗಿಯ ತಲೆ ಬಗ್ಗಿಸಿದವರು ನಮಗೆ ಬರೀರಾ ಕತೆ ಹೇಳುತ್ತಾರೆ ಎಂದು ಆಡಿಕೊಂಡರು. ಆ ಮಾತು ಸುಳ್ಳೂ ಅಲ್ಲ. ತಲೆಯಾಡಿಸಿದವನನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ. ನನ್ನನ್ನು ಮೊದಲಿನಂತೆಯೇ ಊಟಕ್ಕೆ ಕರೆಯುತ್ತಿದ್ದರು, ಓದಿದವನು ಎಂದು ಗೌರವಿಸುತ್ತಿದ್ದರು.

ಆಪಾ ಕಾರ್ಕ್ ಕಡೆ ಕೆಲಸ ಹಿಡಿದು ಹೋದರು. ಒಮ್ಮೆ ನಾವು ಆ ಕಡೆ ಹೋದಾಗ ಡಗ್ಲಸ್‌ನ ಶಾಪಿಂಗ್ ಸೆಂಟರಿನಲ್ಲಿ ಎದುರಾದರು. ತೀರ ಇಳಿದುಹೋಗಿದ್ದರು. ಹೇಗಿದ್ದೀರಿ ಎಂದೆ. "ಗ್ರ್ಯಾಂಡ್," ಎಂದರು, ಚೆನ್ನಾಗಿದ್ದೇನೆ ಎಂದು ಐರಿಷರು ಸಾಯುವಾಗಲೂ ಹೇಳುವ ಹಾಗೆ. ತಸ್ನೀಮಳ ಕೈ ಹಿಡಿದುಕೊಂಡು ಮಾತಾಡಿದರು. ಹೋಗುವಾಗ ನನ್ನ ಕಡೆ ತಿರುಗಿ, "ಚಹಾ ಈಗಲೂ ನೀನೇ ಮಾಡ್ತೀಯೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದರು. ಅದೇ ಕೊನೆ.

ಕಡೆಯ ವರ್ಷವೆಲ್ಲ ಅವರನ್ನು ನೋಡಿಕೊಂಡವಳು ಸಮೀನಾ ಎಂದು ಅವಳ ಫೋನಿನಿಂದಲೇ ನನಗೆ ತಿಳಿದದ್ದು. ಕತ್ತಿನ ಮೇಲೆ ಕೈಯಿಟ್ಟವರನ್ನು ಅವಳು ಕ್ಷಮಿಸಿದ್ದಳು. ಎದುರಿಗಿದ್ದ ಡಬ್ಬಿ ಮುಚ್ಚಿ ನಾನು ಹೇಳಿದೆ, "ಸಮೀನಾ, ಅವತ್ತು ಇಮಾಮರ ಹತ್ರ ನಾನು... ನನಗೆ ನೆನಪಿತ್ತು."

"ಗೊತ್ತು, ಅಂಕಲ್. ಫುಪ್ಪು ಹೇಳಿದ್ರು."

"ಅವರಿಗೆ ಹೇಗೆ ಗೊತ್ತು?"

"ಸೈನ್ ಮಾಡೋ ಮುಂಚೆ ಪೇಪರ್ ಮೇಲೆ ನೀವು ಹೆಬ್ಬೆಟ್ಟಿಂದ ಏನೋ ಒರೆಸಿದ್ರಂತೆ. ಆಮೇಲೆ ಬೆರಳನ್ನ ಪ್ಯಾಂಟಿಗೆ ಉಜ್ಜಿಕೊಂಡ್ರಂತೆ. ಅದನ್ನ ಅವರು ನೋಡಿದ್ರು. ಈಗ ಯಾರಿಗೂ ಬೇಕಾಗಿಲ್ಲ ಅದು. ಇಟ್ಸ್ ಗ್ರ್ಯಾಂಡ್."

ಫೋನ್ ಇಟ್ಟಳು.

ಕಾರಿನ ಬಣ್ಣ ನನಗೆ ಗೊತ್ತಿಲ್ಲ. ನಿಕಾಹಿನ ದಿನ ಹಿಮ ಬೀಳುತ್ತಿತ್ತೋ ಮಳೆಯೋ ಗೊತ್ತಿಲ್ಲ. ಮೆಹರಿನ ಮಾತು ಏನು ಓದಿದರೋ ಅದೂ ಗೊತ್ತಿಲ್ಲ. ನಾನು ಸಹಿ ಹಾಕಬೇಕಾದ ಜಾಗದಲ್ಲಿ ಒಂದು ಹನಿ ಬಿದ್ದಿತ್ತು, ಅಕ್ಷರ ಕದಡುತ್ತದೆಂದು ಒರೆಸಿದೆ. ಅದು ಬಿಸಿಯಾಗಿತ್ತು.